ಪೇಟಿಯ ಮೇಲಿನ ಹೆಸರು

ಏಪ್ರಿಲ್ ಬಂತೆಂದರೆ ನವಿ ಮುಂಬೈಯ ವಾಶಿ ಎಪಿಎಂಸಿಯ ಹಣ್ಣಿನ ಮಾರುಕಟ್ಟೆಯಲ್ಲಿ ಹಳೆಯ ಜಗಳವೊಂದು ಚಿಗುರುತ್ತದೆ. ಧಾರವಾಡದ ಕಡೆಯಿಂದ ಬಂದ ಆಪೂಸು ಮಾವು, ಕೊಂಕಣದ ದೇವಗಡ, ರತ್ನಾಗಿರಿಯ ಹೆಸರು ಹೊತ್ತ ಪೇಟಿ ಸೇರಿ ಮಾರಾಟವಾಗುತ್ತದೆ ಎಂಬ ದೂರು. 2018ರಲ್ಲಿ ಕೊಂಕಣದ ಆಪೂಸಿಗೆ, ಹುಟ್ಟಿದ ನೆಲದ ಹೆಸರನ್ನು ಕಾಯುವ ಜಿಐ ಮನ್ನಣೆ ಸಿಕ್ಕಿತು. 2025ರ ಹಂಗಾಮಿಗೆ ದೇವಗಡದ ಬೆಳೆಗಾರರ ಸಹಕಾರ ಸಂಘ ಹಣ್ಣುಹಣ್ಣಿಗೂ ನಂಬರಿನ ಸ್ಟಿಕರ್ ಅಂಟಿಸಲು ಹೊರಟಿತು. ಧಾರವಾಡದ ಹಣ್ಣೇನೂ ಕೀಳಲ್ಲ. ಇದನ್ನು ಹೇಳದಿದ್ದರೆ ಉಂಡ ಅನ್ನ ಕರಗದು. ಅದಕ್ಕೆ ಬೆಲೆ ಕಡಿಮೆ, ಅಷ್ಟೇ. ಆ ವ್ಯತ್ಯಾಸವೇ ಸುಳ್ಳಿಗೆ ಸಿಗುವ ಕೂಲಿ.

ಇಂಥ ಮೋಸಗಾರನೊಬ್ಬನನ್ನು ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 1751ರಲ್ಲೇ ಎದುರಿಗೆ ಕೂರಿಸಿಕೊಂಡಿದ್ದ. ಅವನನ್ನು ಜಾಣ ವಂಚಕ ಎನ್ನೋಣ. ಪ್ರಾಮಾಣಿಕತೆಯಿಂದ ಲೋಕ ನಡೆಯುತ್ತದೆಂದು ಅವನೂ ಒಪ್ಪುತ್ತಾನೆ. ಸಿಕ್ಕಿಬೀಳುವ ಭಯವಿಲ್ಲದಲ್ಲಿ, ಯಾರಿಗೂ ದೊಡ್ಡ ಪೆಟ್ಟಾಗದಲ್ಲಿ ಮಾತ್ರ ಕೈಚಳಕ ತೋರುತ್ತಾನೆ. ಹತ್ತು ಪೇಟಿ ಅಸಲಿ, ನಡುವೆ ಒಂದು ನಕಲಿ. ಅವನಿಗೇಕೆ ಸದಾಚಾರ?

ಆ ಕಾಲದ ಯುರೋಪಿನಲ್ಲಿ ಸಿದ್ಧ ಉತ್ತರಗಳಿದ್ದವು. ಪಾದ್ರಿಗಳು ನರಕ ತೋರಿಸುತ್ತಿದ್ದರು, ತತ್ವಜ್ಞಾನಿ ಹಾಬ್ಸ್ ರಾಜದಂಡ ತೋರಿಸಿದ್ದ. ಮ್ಯಾಂಡೆವಿಲ್ ಎಂಬ ವೈದ್ಯನಂತೂ ಜೇನುಗೂಡಿನ ಕಥೆ ಕಟ್ಟಿ, ಎಲ್ಲರೂ ಸಜ್ಜನರಾದರೆ ವ್ಯಾಪಾರವೇ ಮುಳುಗುತ್ತದೆಂದು 1714ರಲ್ಲಿ ಗೇಲಿ ಮಾಡಿದ್ದ. ಹ್ಯೂಮ್ ಬೆದರಿಸಲೂ ಇಲ್ಲ, ಗೇಲಿಗೆ ಸೋಲಲೂ ಇಲ್ಲ. ಮೋಸಕ್ಕೆ ಮನಸ್ಸೇ ಹೇಸದವನನ್ನು ತರ್ಕದಿಂದ ಗೆಲ್ಲುವುದು ಕಷ್ಟವೆಂದು ಒಪ್ಪಿಕೊಂಡ. ಬಳಿಕ ಲೆಕ್ಕವನ್ನೇ ತಿರುಗಿಸಿದ: ತನ್ನ ನಡತೆಯನ್ನು ತಾನೇ ನೆಮ್ಮದಿಯಿಂದ ನೋಡಿಕೊಳ್ಳುವ ಸುಖವನ್ನು ಕೊಟ್ಟು ಈತ ಕೊಂಡದ್ದು ಬರೀ ಆಟಿಕೆಗಳನ್ನು. ಮೋಸಹೋದವನು ಗಿರಾಕಿಗಿಂತ ಹೆಚ್ಚಾಗಿ ವ್ಯಾಪಾರಿಯೇ.

ಹ್ಯೂಮನ ಗೆಳೆಯ ಆಡಂ ಸ್ಮಿತ್ ಇದನ್ನು ಇನ್ನೂ ಆಳಕ್ಕೆ ಒಯ್ದ. ಮಾರುಕಟ್ಟೆಯ ವಕೀಲನೆಂದೇ ಹೆಸರಾದ ಇವನು 1759ರ ತನ್ನ ಮೊದಲ ಪುಸ್ತಕವನ್ನು ಬರೆದದ್ದು ನೀತಿಯ ಬಗ್ಗೆ. 1790ರಲ್ಲಿ, ಸಾಯುವ ಕೆಲವೇ ತಿಂಗಳ ಮುಂಚೆ, ಸದ್ಗುಣದ ಬಗ್ಗೆ ಹೊಸ ಭಾಗವನ್ನೇ ಅದಕ್ಕೆ ಸೇರಿಸಿದ. ಮನುಷ್ಯನಿಗೆ ಹೊಗಳಿಕೆ ಸಾಲದು, ಅದಕ್ಕೆ ತಕ್ಕವನಾಗಿರಬೇಕೆಂಬ ಹಂಬಲವೂ ಇರುತ್ತದೆ ಎಂಬುದು ಅವನ ಮಾತಿನ ಸಾರ. ಗಿರಾಕಿ ಹಣ್ಣು ಸವಿದು ‘ವ್ಹಾ, ದೇವಗಡ!’ ಎಂದಾಗ ಪೇಟಿ ಬದಲಿಸಿದವನಿಗೆ ಕೇಳಿಸುವುದು ಬೇರೆ ಯಾರದೋ ಹೊಗಳಿಕೆ.

ನಮ್ಮಲ್ಲೂ ಒಬ್ಬ ವ್ಯಾಪಾರಿಯ ಕಥೆಯಿದೆ. ಐತಿಹ್ಯದ ಪ್ರಕಾರ ಶ್ರೀನಿವಾಸ ನಾಯಕ ಮೂಗುತಿಯ ಪ್ರಸಂಗದಿಂದ ಕಣ್ತೆರೆದು, ಸಂಪತ್ತನ್ನೆಲ್ಲ ಬಿಟ್ಟು ಪುರಂದರದಾಸನಾದ. ಅದು ದೊಡ್ಡ ದಾರಿ. ಆ ಇಬ್ಬರು ಸ್ಕಾಟರ ಪ್ರಶ್ನೆ ಅಂಗಡಿ ಬಿಡಲಾಗದವರದು: ಗಾಳಾ ಎಂಬ ಮಳಿಗೆಯ ಬಾಡಿಗೆ, ಹೊರೆ ಹೊರುವ ಮಾಥಾಡಿಗಳ ಕೂಲಿ ಕೊಟ್ಟು ಸಂಜೆ ಮನೆಗೆ ಹೋಗಬೇಕಾದವರದು.

ಇಲ್ಲಿ ಸ್ಮಿತ್ ಕೊಂಚ ಎಡವುತ್ತಾನೆ ಅನಿಸುತ್ತದೆ. ಸಾಮಾನ್ಯ ಜನರಿಗೆ ಒಳ್ಳೆಯತನದ ದಾರಿಯೂ ಏಳಿಗೆಯ ದಾರಿಯೂ ಬಹುಮಟ್ಟಿಗೆ ಒಂದೇ, ಏಕೆಂದರೆ ನೆರೆಯವರ ಅಭಿಪ್ರಾಯದ ಮೇಲೆ ಅವರ ಬದುಕು ನಿಂತಿದೆ ಎಂದ. ವಾಶಿಯ ಸಗಟು ವ್ಯಾಪಾರದಲ್ಲಿ ಆ ನೆರೆಯವರೆಲ್ಲಿ? ಮುಂಬೈಯ ಚೆಂಬೂರಿನ ಮನೆಯಲ್ಲಿ ಹಣ್ಣು ಹೆಚ್ಚುವವಳಿಗೆ ಪೇಟಿ ತುಂಬಿದವನ ಮುಖ ಗೊತ್ತಿಲ್ಲ. ಒಳ್ಳೆಯ ಹೆಸರಿನ ಆಸೆ ಅಲ್ಲಿಯವರೆಗೆ ಮುಟ್ಟದು. ಉಳಿಯುವುದು ಹ್ಯೂಮನ ಉತ್ತರ: ತನ್ನ ನಡತೆಯನ್ನು ತಾನೇ ನೋಡಿಕೊಳ್ಳುವ ನೆಮ್ಮದಿ.

‘ಕರ್ನಾಟಕ ಹಾಪುಸ್’ ಎಂದೇ ಹೇಳಿ ಮಾರುವವರೂ ಅದೇ ಮಾರುಕಟ್ಟೆಯಲ್ಲಿದ್ದಾರೆ. ಅವರಿಗೆ ಸಿಗುವ ದರ ಕಡಿಮೆ. ಆದರೆ ಆ ಹಣ್ಣನ್ನು ಯಾರಾದರೂ ಹೊಗಳಿದರೆ ಆ ಹೊಗಳಿಕೆ ಧಾರವಾಡದ ತೋಟಕ್ಕೇ ಸಲ್ಲುತ್ತದೆ.