ಮಣ್ಣಿನಡಿಯಲ್ಲಿ ಏನಿದೆಯೆಂದು ತಿಳಿಯದೆ ಯಂತ್ರ ಹಚ್ಚಬೇಡಿ

ಮಳೆಗಾಲ ಕಳೆದು ಮಣ್ಣಿನ ಹಸಿ ಆರುತ್ತ ಬಂದೊಡನೆ ನಮ್ಮ ಕಾಸರಗೋಡು ಸೀಮೆಯ ತೋಟಗಳಲ್ಲಿ ಅಗೆತದ ಕೆಲಸಗಳು ತೊಡಗುತ್ತವೆ. ಕಣಿ ಬಿಡಿಸುವುದು, ಅಗಳು ತೋಡುವುದು, ಗುಡ್ಡದ ಬದಿ ಜರಿಸಿ ಜಾಗ ಸಮ ಮಾಡುವುದು, ನೀರಿನ ಪೈಪು ಹೂಳುವುದು, ಒಂದಲ್ಲ ಒಂದು ಇದ್ದೇ ಇರುತ್ತದೆ. ಹಿಂದೆ ಹತ್ತಾಳು ವಾರಗಟ್ಟಲೆ ಮಾಡುತ್ತಿದ್ದುದನ್ನು ಇಂದು ಜೆಸಿಬಿ ಒಂದು ಹಗಲಿನಲ್ಲಿ ಮಾಡಿ ಹೋಗುತ್ತದೆ. ಆದರೆ ಆಳಿನ ಗುದ್ದಲಿಗೆ ಏನಾದರೂ ತಾಗಿದರೆ ಅವನ ಕೈಗೆ ತಿಳಿಯುತ್ತಿತ್ತು. ಯಂತ್ರದ ಕೈಗೆ ಆ ಅರಿವಿಲ್ಲ. ಬಾಡಿಗೆ ಗಂಟೆಯ ಲೆಕ್ಕದಲ್ಲಿ ಏರುವುದರಿಂದ ನಡುವೆ ನಿಲ್ಲಿಸಲು ಧನಿಗೂ ಮನಸ್ಸು ಬಾರದು.

ಅಂದು ನೆಲದಡಿಯಲ್ಲಿ ಇದ್ದುದು ಬೇರು ಮತ್ತು ಕಲ್ಲು. ಇಂದು ಕುಡಿಯುವ ನೀರಿನ ಕೊಳವೆ, ದೂರವಾಣಿಯ ಗಾಜಿನೆಳೆಯ ತಂತಿ, ಕೆಲವೆಡೆ ವಿದ್ಯುತ್ ಕೇಬಲು, ಕೆಲವರ ಜಾಗದಲ್ಲಿ ಅನಿಲದ ಕೊಳವೆ ಇವೆಲ್ಲವೂ ಇವೆ. ಇವನ್ನು ಕಾಯಬೇಕಾದವನು ಯಂತ್ರದ ಚಾಲಕನಲ್ಲ, ಅವನು ಪರವೂರಿನವನು. ಬದಿಯಲ್ಲಿ ನಿಂತು ಅಗೆಸುವ ನಾವು.

ನಮ್ಮದೇ ಒಂದು ತಪ್ಪನ್ನು ಇಲ್ಲಿ ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ, ಬೇಸಗೆಯಲ್ಲಿ, ತೋಟದ ಕೆಳಬದಿಗೆ ಕಣಿ ತೋಡಿಸುತ್ತಿದ್ದಾಗ ಜೆಸಿಬಿಯ ಹಲ್ಲು ಊರಿನ ನೀರಿನ ಕೊಳವೆಗೆ ಉಜ್ಜಿತು. ಇಳಿದು ನೋಡಿದೆವು. ಬೆರಳುದ್ದದ ಒಂದು ಗೀರು, ಅಷ್ಟೇ. ಹನಿ ನೀರೂ ಇಲ್ಲ. “ಏನೂ ಆಗಲಿಲ್ಲ ಮಾಷ್ಟ್ರೇ” ಎಂದ ಚಾಲಕ. ನಮಗೂ ಆ ಮಾತೇ ಬೇಕಾಗಿತ್ತು. ಮಣ್ಣು ಎಳೆಸಿ ಮುಚ್ಚಿಬಿಟ್ಟೆವು. ಒಂಬತ್ತನೆಯ ರಾತ್ರಿ ಪಂಪು ಹಾಕಿದಾಗ ಕೊಳವೆ ಅದೇ ಗೀರಿನಲ್ಲಿ ಸೀಳಿತು. ಕೆಳಗಿನ ಮನೆಗಳಿಗೆ ಮೂರು ದಿನ ನೀರಿಲ್ಲ. ನಮ್ಮ ತರಗತಿಯ ಮಕ್ಕಳೇ ಕೊಡ ಹಿಡಿದು ನಮ್ಮ ಬಾವಿಕಟ್ಟೆಗೆ ಬಂದರು. ಅವರ ಮುಖ ನೋಡುವುದು ಕಷ್ಟವಾಯಿತು. ಗೀರು ಬಿದ್ದ ದಿನವೇ ನೀರು ಬಿಡುವವನಿಗೆ ತಿಳಿಸಿದ್ದರೆ ಒಂದು ತುಂಡು ಕೊಳವೆ ಬದಲಿಸಿ ಮುಗಿಸಬಹುದಾದ ಕೆಲಸವಾಗಿತ್ತು ಅದು.

ಆ ಕೊಳವೆಯಲ್ಲಿ ಇದ್ದುದು ನೀರು. ಕೊಚ್ಚಿಯಿಂದ ಮಂಗಳೂರಿಗೆ ಹೋಗುವ ಸುಮಾರು ೪೫೦ ಕಿಲೋಮೀಟರ್ ಉದ್ದದ ನೈಸರ್ಗಿಕ ಅನಿಲದ ಕೊಳವೆ ೨೦೨೧ರ ಜನವರಿ ೫ರಂದು ಲೋಕಾರ್ಪಣೆಯಾಯಿತು. ಅದು ನಮ್ಮ ಜಿಲ್ಲೆಯ ನೆಲದಡಿಯಿಂದಲೇ ಹಾದುಹೋಗುತ್ತದೆ. ೧೯೬೨ರ ಕಾನೂನಿನ ಪ್ರಕಾರ ಇಂತಹ ಕೊಳವೆ ಹಾದ ಪಟ್ಟಿಯ ಒಡೆತನ ರೈತನಲ್ಲಿಯೇ ಉಳಿಯುತ್ತದೆ. ಆದರೆ ಅಲ್ಲಿ ಮನೆ ಕಟ್ಟಕೂಡದು, ಬಾವಿ ಕೆರೆಗಳನ್ನು ತೋಡಕೂಡದು, ಮರ ನೆಡಕೂಡದು. ಜಾಗ ನಮ್ಮದು ತಾನೇ ಎಂದು ಆ ಪಟ್ಟಿಗೆ ಯಂತ್ರ ಇಳಿಸುವವರಿದ್ದಾರೆ. ಕೊಳವೆಯವರ ಮನುಷ್ಯ ಬಂದು ಎದುರು ನಿಲ್ಲದೆ ಅಲ್ಲಿ ಅಗೆತ ಬೇಡವೇ ಬೇಡ.

ಎಷ್ಟು ಆಳದಲ್ಲಿದೆ ಎಂಬ ಊಹೆಯನ್ನೂ ನಂಬಬಾರದು. ಹೂಳುವಾಗ ಕೊಳವೆಯ ನೆತ್ತಿಯ ಮೇಲೆ ಒಂದು ಮೀಟರಿನಷ್ಟಾದರೂ ಮಣ್ಣಿರಬೇಕೆಂಬುದು ಸಾಮಾನ್ಯ ಕ್ರಮ. ನಮ್ಮ ಇಳಿಜಾರು ಗುಡ್ಡಗಳಲ್ಲಿ ಮಳೆ ಆ ಮಣ್ಣನ್ನು ವರ್ಷವರ್ಷವೂ ಕೊಚ್ಚುತ್ತದೆ. ಜಾಗ ಸಮ ಮಾಡುವಾಗ ನಾವೂ ಒಂದಿಷ್ಟು ಕೆರೆಯುತ್ತೇವೆ. ಹೂಳಿದಂದು ಒಂದು ಮೀಟರಿದ್ದುದು ಇಂದು ಎರಡು ಅಡಿಯೂ ಇಲ್ಲದಿರಬಹುದು. ಊರಿನ ಸಣ್ಣ ನೀರಿನ ಕೊಳವೆಗಳಂತೂ ಗೇಣು ಮಣ್ಣಿನ ಕೆಳಗೇ ಸಿಕ್ಕುವುದುಂಟು. ರಾಷ್ಟ್ರೀಯ ಹೆದ್ದಾರಿ ೬೬ನ್ನು ಅಗಲ ಮಾಡಿದಾಗ ಬದಿಯ ಕೊಳವೆ ತಂತಿಗಳನ್ನು ಬೇರೆಡೆಗೆ ಸರಿಸಿದ್ದರಿಂದ, ಹೆದ್ದಾರಿಯ ಬದಿಯವರು ತಮ್ಮ ಹಳೆಯ ನೆನಪನ್ನೂ ಬದಿಗಿಡಬೇಕು.

ಆದುದರಿಂದ ಯಂತ್ರಕ್ಕೆ ಹೇಳಿಕಳುಹಿಸುವ ಮೊದಲು ಕೇಳಿ ತಿಳಿಯುವ ಕೆಲಸವಿದೆ. ಪಂಚಾಯತಿನಲ್ಲಿ, ನೀರು ಬಿಡುವವನಲ್ಲಿ, ವಿದ್ಯುತ್ ಕಚೇರಿಯಲ್ಲಿ, ನೆರೆಯ ತೋಟದವರಲ್ಲಿ ಕೇಳಬೇಕು. ೨೦೨೩ರ ಮಾರ್ಚ್ ೨೨ರಂದು ಕೇಂದ್ರ ಸರಕಾರ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಮೊಬೈಲ್ ವ್ಯವಸ್ಥೆಯನ್ನು ಆರಂಭಿಸಿತು. ಎಲ್ಲಿ, ಯಾವಾಗ ಅಗೆಯುತ್ತೇವೆಂದು ಅದರಲ್ಲಿ ತುಂಬಿದರೆ ಆ ನೆಲದಡಿಯಲ್ಲಿ ಕೊಳವೆ ತಂತಿ ಇರುವ ಸಂಸ್ಥೆಗಳಿಗೆ ಸುದ್ದಿ ಮುಟ್ಟುತ್ತದೆ. ಹೇಳದೆ ಕೇಳದೆ ಅಗೆಯುವುದರಿಂದ ದೇಶಕ್ಕೆ ವರ್ಷಕ್ಕೆ ಸುಮಾರು ೩೦೦೦ ಕೋಟಿ ರೂಪಾಯಿ ನಷ್ಟವೆಂದು ಸರಕಾರವೇ ಆಗ ಹೇಳಿತ್ತು. ಆದರೆ ಸುದ್ದಿ ಮುಟ್ಟುವುದು ಅದರಲ್ಲಿ ಸೇರಿದ ಸಂಸ್ಥೆಗಳಿಗೆ ಮಾತ್ರ. ನೀರು ಬಿಡುವವನನ್ನು ಕೇಳುವುದು ತಪ್ಪುವುದಿಲ್ಲ.

ಕೊಳವೆಯ ದಾರಿಯಲ್ಲಿ ನೆಟ್ಟ ಗುರುತುಕಲ್ಲು, ಎಚ್ಚರಿಕೆಯ ಫಲಕಗಳನ್ನು ಓದಿಸಿಕೊಳ್ಳಿ. ನಮ್ಮ ಹಿರಿಯರಲ್ಲಿ ಮಲಯಾಳ ಆಡಬಲ್ಲವರು ಬಹಳ, ಓದಬಲ್ಲವರು ಕಡಿಮೆ. ಇದರಲ್ಲಿ ನಾಚಿಕೆಯೇನೂ ಇಲ್ಲ. ಶಾಲೆಗೆ ಹೋಗುವ ಮೊಮ್ಮಗಳನ್ನು ಕರೆದುಕೊಂಡು ಹೋಗಿ, ಅದರಲ್ಲಿರುವ ದೂರವಾಣಿ ಸಂಖ್ಯೆಯನ್ನೂ ಬರೆಸಿಕೊಳ್ಳಿ.

ತಿಳಿದುಬಂದ ದಾರಿಯನ್ನು ಸುಣ್ಣದ ಗೆರೆ ಎಳೆದು, ಗೂಟ ನೆಟ್ಟು ತೋರಿಸಬೇಕು. ನೀರಿನ ಕೊಳವೆ, ತಂತಿಗಳಾದರೆ ಗೆರೆಗೆ ಅಡ್ಡವಾಗಿ ಎರಡು ಮೂರು ಕಡೆ ಕೈಯಿಂದಲೇ ಗುಂಡಿ ತೆಗೆದು ಕಣ್ಣಾರೆ ನೋಡಿಕೊಳ್ಳಬೇಕು. ನೇರ ನೆತ್ತಿಯ ಮೇಲೆ ಪಿಕ್ಕಾಸು ಹೊಡೆಯದೆ ಬದಿಯಿಂದ ಮಣ್ಣು ಬಿಡಿಸುತ್ತ ಬರಬೇಕು. ವಿದ್ಯುತ್ ಕೇಬಲು ಇರುವ ಸಂಶಯವಿದ್ದರೆ ಕೈಗುಂಡಿಯೂ ಬೇಡ. ಮೊದಲು ವಿದ್ಯುತ್ ಕಚೇರಿಯವರು ಬರಲಿ. ಕೊಳವೆ ಕಂಡ ಮೇಲೂ ಅದರ ಹತ್ತಿರದ ಮಣ್ಣನ್ನು ಯಂತ್ರಕ್ಕೆ ಬಿಡದೆ ಆಳಿನಿಂದಲೇ ತೆಗೆಸತಕ್ಕದ್ದು. ಅರ್ಧ ದಿನದ ಕೂಲಿ ಹೆಚ್ಚು ಹೋದೀತು, ಹೋಗಲಿ.

ಯಂತ್ರ ಬಂದ ದಿನ ಚಾಲಕನನ್ನು ಇಳಿಸಿ ಗೆರೆಯುದ್ದಕ್ಕೂ ನಡೆಸಿ ತೋರಿಸಿ. ಅವನ ಊರು ಬಂಗಾಳವೋ ಒಡಿಶಾವೋ ಆಗಿರಬಹುದು. “ಅರ್ಥವಾಯಿತೇ?” ಎಂದು ಕೇಳಿದರೆ ಅವನೂ ನಮ್ಮ ಮಕ್ಕಳಂತೆ ತಲೆ ಆಡಿಸುತ್ತಾನೆ. ಶಿಕ್ಷಕರ ತರಬೇತಿಯಲ್ಲಿ ನಮಗೆ ಕಲಿಸಿದ್ದೊಂದಿದೆ: ಅರ್ಥವಾಯಿತೇ ಎಂದು ಕೇಳಬೇಡ, ಅವನಿಂದಲೇ ಹೇಳಿಸು. ಎಲ್ಲಿ ನಿಲ್ಲಿಸಬೇಕೆಂದು ಅವನೇ ಬೆರಳಿಟ್ಟು ತೋರಿಸಲಿ. ಸನ್ನೆ ಮಾಡುವವನು ಒಬ್ಬನೇ ಇರಬೇಕು. ಎತ್ತಿದ ಕೈ ಎಂದರೆ ನಿಲ್ಲಿಸು ಎಂದು ಮೊದಲೇ ಮಾತಾಗಿರಬೇಕು. ಆ ಒಬ್ಬನು ಚಾಲಕನ ಕಣ್ಣಿಗೆ ಬೀಳುವಲ್ಲಿ, ಯಂತ್ರದ ಕೈ ತಿರುಗುವ ವ್ಯಾಪ್ತಿಯಿಂದ ಆಚೆ ನಿಂತು ಮಣ್ಣನ್ನೇ ನೋಡುತ್ತಿರಬೇಕು. ನಮ್ಮ ಕೆಂಪು ಮುರಮಣ್ಣಿನ ನಡುವೆ ಬಿಳಿಯ ಹೊಳೆಮರಳು ಕಂಡರೆ, ಸಾಲಾಗಿ ಇಟ್ಟ ಇಟ್ಟಿಗೆ ಅಥವಾ ಬಣ್ಣದ ಪ್ಲಾಸ್ಟಿಕ್ ಪಟ್ಟಿ ಕಂಡರೆ ಕೂಡಲೇ ಕೈ ಎತ್ತಬೇಕು. ಅದರ ಕೆಳಗೆ ಯಾರೋ ಏನನ್ನೋ ಹೂಳಿದ್ದಾರೆ. ಆ ಹೊತ್ತಿಗೆ ಮೊಬೈಲಿನಲ್ಲಿ ಮಾತಾಡುತ್ತ, ಚಹಾಕ್ಕೆಂದು ಮನೆಗೆ ಹೋಗುತ್ತ ಇದ್ದರೆ ನಿಂತೂ ಪ್ರಯೋಜನವಿಲ್ಲ.

ಯಂತ್ರ ವಿದ್ಯುತ್ ಕೇಬಲಿಗೆ ತಾಗಿದರೆ ಚಾಲಕ ಇಳಿಯಕೂಡದು, ಬೇರೆಯವರು ಯಂತ್ರದ ಹತ್ತಿರ ಹೋಗಕೂಡದು. ವಿದ್ಯುತ್ ನಿಂತಿತೆಂದು ವಿದ್ಯುತ್ ಕಚೇರಿಯವರು ಖಚಿತಪಡಿಸುವ ತನಕ ಹಾಗೆಯೇ ಇರಬೇಕು. ಯಂತ್ರಕ್ಕೆ ಬೆಂಕಿ ಹತ್ತಿ ಇಳಿಯಲೇಬೇಕಾದರೆ ಎರಡೂ ಕಾಲು ಜೋಡಿಸಿ ದೂರ ಹಾರಬೇಕು. ಯಂತ್ರವನ್ನೂ ನೆಲವನ್ನೂ ಒಟ್ಟಿಗೆ ಮುಟ್ಟಿದರೆ ಪ್ರಾಣ ಹೋಗುತ್ತದೆ.

ಅನಿಲ ಹೊರಬಂದರೆ ಬುಸುಗುಟ್ಟುವ ಸದ್ದಾಗುತ್ತದೆ, ಧೂಳು ಏಳುತ್ತದೆ. ಅಡಿಗೆ ಅನಿಲದ ವಾಸನೆ ಬರಲಿಲ್ಲವೆಂದು ಧೈರ್ಯ ತಾಳಬಾರದು; ಆ ವಾಸನೆ ಬೇಕೆಂದು ಬೆರೆಸಿದ್ದು, ದೂರದೂರಕ್ಕೆ ಹೋಗುವ ದೊಡ್ಡ ಕೊಳವೆಗಳಲ್ಲಿ ಅದು ಇಲ್ಲದಿರಬಹುದು. ಯಂತ್ರವನ್ನು ಇದ್ದಲ್ಲೇ ಬಿಟ್ಟು ಗಾಳಿ ಬೀಸಿ ಬರುವ ದಿಕ್ಕಿಗೆ ಎಲ್ಲರೂ ಓಡಬೇಕು. ಬೀಡಿ, ಬೈಕಿನ ಚಾವಿ, ಮೊಬೈಲು ಯಾವುದನ್ನೂ ಅಲ್ಲಿ ಮುಟ್ಟಬಾರದು. ದೂರ ಹೋದ ಮೇಲೆ ಫಲಕದ ಸಂಖ್ಯೆಗೂ ೧೧೨ಕ್ಕೂ ತಿಳಿಸಿ, ದಾರಿಯಲ್ಲಿ ಬರುವವರನ್ನು ತಡೆಯಬೇಕು.

ಏನೂ ಹೊರಬಾರದೆ ಬರೀ ಗೀರು ಬಿದ್ದರೆ? ಬೆಲ್ಜಿಯಂ ದೇಶದ ಒಂದು ಕೈಗಾರಿಕಾ ವಸಾಹತಿನಲ್ಲಿ ೨೦೦೪ರ ಜುಲೈ ೩೦ರಂದು ಅನಿಲದ ಕೊಳವೆ ಸಿಡಿದು ೨೪ ಮಂದಿ ಸತ್ತರು, ೧೩೦ಕ್ಕೂ ಹೆಚ್ಚು ಜನ ಗಾಯಗೊಂಡರು. ಸುದ್ದಿ ತಿಳಿದು ಓಡಿಬಂದ ಅಗ್ನಿಶಾಮಕ ದಳದವರೂ ಸತ್ತವರಲ್ಲಿದ್ದರು. ಆ ದಿನ ಯಾರೂ ಕೊಳವೆಯನ್ನು ಒಡೆದಿರಲಿಲ್ಲ. ಕೆಲವು ವಾರಗಳ ಹಿಂದೆ ಅಲ್ಲಿ ನೆಲದ ಕೆಲಸ ಮಾಡಿದ ಯಂತ್ರದಿಂದ ಕೊಳವೆಯ ಉಕ್ಕು ಕೆತ್ತಿಹೋಗಿತ್ತು. ಒಳಗಿನ ಒತ್ತಡ ಏರಿದಾಗ ಅದು ಅಲ್ಲಿಯೇ ಬಿಟ್ಟುಕೊಟ್ಟಿತು. ಅದನ್ನು ಓದಿದಂದು ನಮಗೆ ನಮ್ಮ ಬೆರಳುದ್ದದ ಗೀರು ನೆನಪಾಯಿತು. ಆದ್ದರಿಂದ ಗೀರು ಎಷ್ಟೇ ಚಿಕ್ಕದಿರಲಿ, ಮಣ್ಣು ಎಳೆಯದೆ ಹೊಂಡವನ್ನು ತೆರೆದೇ ಇಟ್ಟು, ಸುತ್ತ ಹಗ್ಗ ಕಟ್ಟಿ, ಕೊಳವೆ ಯಾರದೋ ಅವರಿಗೆ ಅಂದೇ ತಿಳಿಸತಕ್ಕದ್ದು. ದಂಡ ಕೇಳುತ್ತಾರೆಂಬ ಹೆದರಿಕೆ ಸಹಜವೇ. ಆದರೂ ತಿಳಿಸಬೇಕು.

ಕೆಲಸ ಸರಿಯಾಗಿ ಮುಗಿದರೆ, ಮುಚ್ಚುವ ಮೊದಲು ಕೊಳವೆಯ ಆಳವನ್ನೂ, ಬಾವಿಕಟ್ಟೆಯ ಮೂಲೆಯಿಂದಲೋ ಮನೆಯ ಪಂಚಾಂಗದಿಂದಲೋ ಅದಕ್ಕಿರುವ ದೂರವನ್ನೂ ಅಳೆದು, ಒಂದು ಹಾಳೆಯಲ್ಲಿ ನಕ್ಷೆ ಬರೆದು ತೀರ್ವೆಯ ರಶೀದಿಗಳ ಜೊತೆ ಇಡಿ. ನಮ್ಮ ಹಾಳೆಯಲ್ಲಿ ಈಗ ಮೂರು ಗೆರೆಗಳಿವೆ. ಒಡೆದ ಕೊಳವೆಯದನ್ನು ಕೆಂಪು ಶಾಯಿಯಲ್ಲಿ ಎಳೆದಿದ್ದೇವೆ.