ಬಂದೂಕುಗಾರನ ಆಟ ಮತ್ತು ಸೋಮಾರಿ ಕಣ್ಣು



2016ರಲ್ಲಿ ಮೊದಲು ಬಂದ, ನಮ್ಮ ಮಕ್ಕಳು ಇಂಟರ್‌ನೆಟ್ ಮೂಲಕ ಆಡುವ ಓವರ್‌ವಾಚ್ ಆಟದಲ್ಲಿ ಕ್ಯಾಸಿಡಿ ಎಂಬ ಬಂದೂಕುಗಾರನಿದ್ದಾನೆ. ಅವನ ರಿವಾಲ್ವರಿನಲ್ಲಿ ಆರೇ ಗುಂಡುಗಳು. ಅವನ ಪಾತ್ರವನ್ನು ಆಡುವವರು ಪರದೆಯ ಅಂಚಿನಲ್ಲಿ ಸುಳಿಯುವ ಎದುರಾಳಿಯನ್ನು ಗುರುತಿಸಿ ಕ್ಷಣಾರ್ಧದಲ್ಲಿ ಗುರಿ ಹಿಡಿಯಬೇಕು. ಇದು ಕೈಚಳಕಕ್ಕಿಂತ ಮಿಗಿಲಾಗಿ ಕಣ್ಣು ಮತ್ತು ಮಿದುಳುಗಳ ದುಡಿಮೆ.

ಇಂತಹ ದುಡಿಮೆಯನ್ನು ಚಿಕಿತ್ಸೆಯಾಗಿ ಪರೀಕ್ಷಿಸಿದ್ದು ನಮ್ಮ ಬರ್ಕ್ಲಿಯಲ್ಲೇ. ಬಾಲ್ಯದಲ್ಲಿ ಒಂದು ಕಣ್ಣಿನ ಬಿಂಬವನ್ನು ಮಿದುಳು ಕಡೆಗಣಿಸತೊಡಗಿದರೆ ಆ ಕಣ್ಣಿನ ದೃಷ್ಟಿ ಮಂದವಾಗುತ್ತದೆ. ಇದೇ ‘ಸೋಮಾರಿ ಕಣ್ಣು’. ದೊಡ್ಡವರಲ್ಲಿ ಇದು ಸುಧಾರಿಸದೆಂಬುದು ಹಳೆಯ ನಂಬಿಕೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರೋಜರ್ ಲೀ, ಡೆನ್ನಿಸ್ ಲೆವಿ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 20 ಮಂದಿ ಒಳ್ಳೆಯ ಕಣ್ಣನ್ನು ಮುಚ್ಚಿಕೊಂಡು, ದಿನಕ್ಕೆ 2 ಗಂಟೆಯಂತೆ 40ರಿಂದ 80 ಗಂಟೆ ವಿಡಿಯೋ ಆಟವಾಡಿದರು. ದೃಷ್ಟಿಯ ಸ್ಪಷ್ಟತೆ ಸುಮಾರು ಶೇ. 33ರಷ್ಟು ಸುಧಾರಿಸಿತು. ಗುಂಡು ಹಾರಿಸುವ ಆಟದವರಂತೆ ನಗರ ಕಟ್ಟುವ ಆಟದವರಿಗೂ ಫಲ ದೊರೆಯಿತು. ಆಟವಿಲ್ಲದೆ, ಬರಿದೇ ಕಣ್ಣು ಮುಚ್ಚಿ 20 ಗಂಟೆ ಕಳೆದಾಗ ಅದು ದೊರೆಯಲಿಲ್ಲ.

ಅಂದರೆ ಮದ್ದು ಬಂದೂಕಿನಲ್ಲಿಲ್ಲ, ಸೋಮಾರಿ ಕಣ್ಣಿಗೆ ಕೊಟ್ಟ ಕೆಲಸದಲ್ಲಿದೆ. ಎರಡೂ ಕಣ್ಣು ತೆರೆದು ರಾತ್ರಿಯಿಡೀ ಆಡುವುದು ಚಿಕಿತ್ಸೆಯಲ್ಲ. ನೋವಿಲ್ಲದ ಈ ದೋಷವನ್ನು ಮಗು ತಾನಾಗಿ ಹೇಳದು. ಆದುದರಿಂದ ಶಾಲೆ ಸೇರುವ ಮೊದಲೇ ಎರಡು ಕಣ್ಣುಗಳನ್ನೂ ಬೇರೆಬೇರೆಯಾಗಿ ಪರೀಕ್ಷೆ ಮಾಡಿಸಿರೆಂದು ನಮ್ಮ ವಿನಂತಿ.