ಹೊಸ ಮನೆಗೊಂದು ಮೆಟ್ಟುಗತ್ತಿ

ಕನ್ನಡದ ಶಬ್ದಸಂಪತ್ತನ್ನು ಅಳೆಯಬೇಕೆನ್ನುವವರು ಕಾವ್ಯಗಳನ್ನು ಓದಿದರೆ ಸಾಲದು, ಅಡುಗೆಮನೆಯನ್ನೂ ಹೊಗಬೇಕು. ಬೆಂಡೆಯನ್ನು ನಾವು ಹೆಚ್ಚುತ್ತೇವೆ, ಸೊಪ್ಪನ್ನು ಕೊಚ್ಚುತ್ತೇವೆ, ಬದನೆಯನ್ನು ಸೀಳುತ್ತೇವೆ, ಶುಂಠಿಯ ಸಿಪ್ಪೆಯನ್ನು ಹೆರೆಯುತ್ತೇವೆ, ಹಲಸಿನ ತೊಳೆಯನ್ನು ಬಿಡಿಸುತ್ತೇವೆ. ಒಂದೊಂದು ಮಾತೂ ಕೈಯ ಒಂದೊಂದು ಚಲನೆಯ ಹೆಸರು. ಚಲನೆ ಮರೆತಲ್ಲಿ ಮಾತೂ ಉಳಿಯುವುದಿಲ್ಲ.

ಬಾಬಾಬುಡನ್‌ಗಿರಿಯ ತಪ್ಪಲಿನಿಂದ ಮೂಡಿಗೆರೆ, ಕಳಸಗಳವರೆಗಿನ ಕಾಫಿಸೀಮೆಯ ಹಳೆಯ ಮನೆಗಳಲ್ಲಿ ಈ ಕೆಲಸಗಳಿಗೆಲ್ಲ ಆಧಾರವಾಗಿದ್ದುದು ಮೆಟ್ಟುಗತ್ತಿ. ಬಯಲುಸೀಮೆಯವರು ಇದನ್ನು ಈಳಿಗೆಮಣೆ ಎನ್ನುತ್ತಾರೆ. ಮೆಟ್ಟಿ ಹಿಡಿಯುವ ಕತ್ತಿಯಾದ್ದರಿಂದ ಮೆಟ್ಟುಗತ್ತಿ. ಕಕಾರಕ್ಕೆ ಗಕಾರ ಬಂದದ್ದು ಆದೇಶಸಂಧಿ. ಚಾಕುವಿನಲ್ಲಿ ಅಲಗು ಚಲಿಸುತ್ತದೆ, ಕಾಯಿ ನಿಂತಿರುತ್ತದೆ. ಇಲ್ಲಿ ಅಲಗು ನಿಂತಿರುತ್ತದೆ, ಕಾಯಿ ಚಲಿಸುತ್ತದೆ. ಎರಡು ಕೈಗಳೂ ಕಾಯಿಯನ್ನು ಹಿಡಿಯಲು ಬಿಡುವಾಗಿರುವುದರಿಂದ ಗುಜ್ಜೆ, ಬಾಳೆದಿಂಡು, ಕಳಲೆಗಳಂಥ ಒರಟು ಪದಾರ್ಥಗಳಿಗೆ ಇದಕ್ಕಿಂತ ಅನುಕೂಲವಾದ ಸಾಧನವಿಲ್ಲ.

ಆದರೆ ಸಾಧನದ ಜೊತೆಗೆ ತಿಳಿವೂ ಬೇಕು. ಗುಜ್ಜೆಯನ್ನು ಹೆಚ್ಚುವ ಮೊದಲು ಅಂಗೈಗೂ ಅಲಗಿಗೂ ಕೊಬ್ಬರಿ ಎಣ್ಣೆ ಸವರಿದರೆ ಮೇಣ ಅಂಟುವುದಿಲ್ಲ. ಬಾಳೆದಿಂಡನ್ನು ಬಿಲ್ಲೆಯಾಗಿ ಕೊಯ್ಯುತ್ತ, ನಡುವೆ ಬರುವ ನಾರನ್ನು ಬೆರಳಿಗೆ ಸುತ್ತಿ ತೆಗೆದು, ಹೋಳುಗಳನ್ನು ಮಜ್ಜಿಗೆ ನೀರಿಗೆ ಹಾಕಿದರೆ ಕಪ್ಪಾಗುವುದಿಲ್ಲ. ಮಳೆಗಾಲದ ಕಳಲೆಯನ್ನು ತೆಳುವಾಗಿ ಹೆಚ್ಚುವುದು ಅಂದಕ್ಕಲ್ಲ. ಅದರಲ್ಲಿ ಸೈನೈಡ್ ಬಿಡುಗಡೆ ಮಾಡುವ ಸಹಜವಾದ ವಿಷಾಂಶವಿದೆ; ಹೋಳು ತೆಳುವಾದಷ್ಟೂ, ಎರಡು ಮೂರು ದಿನ ದಿನವೂ ನೀರು ಬದಲಿಸಿ ನೆನೆಸಿ, ಬಳಿಕ ಚೆನ್ನಾಗಿ ಬೇಯಿಸಿದಾಗ ಆ ಅಂಶ ಕಳೆದುಹೋಗುವುದು ಸುಲಭ.

ಇಂದಿನ ಮನೆಗಳಲ್ಲಿ ನಿಂತು ಅಡುಗೆ ಮಾಡುವ ಕಟ್ಟೆ ಬಂದಿದೆ. ಮೊಣಕಾಲು ನೋವಿನ ಹಿರಿಯರಿಗೆ ಅದೇ ಹಿತ. ಅಲ್ಲಿ ಚಾಕು ಬೇಕು, ಚಾಕುವಿನ ವಿದ್ಯೆಯೂ ಬೇಕು. ಕಾಯಿ ಹಿಡಿದ ಕೈಯ ಬೆರಳ ತುದಿಗಳು ಒಳಕ್ಕೆ ಮಡಿಸಿರಲಿ. ಅಲಗು ಬೆರಳ ಗೆಣ್ಣಿಗೆ ಒರಗಿ ಚಲಿಸಲಿ. ಉರುಳುವ ಕಾಯಿಯನ್ನು ಮೊದಲು ಎರಡು ಹೋಳು ಮಾಡಿ, ಚಪ್ಪಟೆಯ ಭಾಗವನ್ನು ಕೆಳಗಿಡಿ. ಮಣೆಯ ಅಡಿಯಲ್ಲಿ ಒದ್ದೆಬಟ್ಟೆ ಹಾಸಿದರೆ ಅದು ಜಾರದು. ಚಾಕು ಕೈಜಾರಿದರೆ ಹಿಡಿಯಲು ಹೋಗದೆ ಹಿಂದೆ ಸರಿಯಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಮೊಂಡು ಚಾಕು ಸಾಧುವೆಂದು ನಂಬಬೇಡಿ. ಮೊಂಡಾದದ್ದಕ್ಕೆ ಬಲ ಹಾಕಬೇಕು. ಬಲ ಹಾಕಿದಾಗಲೇ ಅಲಗು ಜಾರಿ ಬೆರಳಿಗೆ ಬರುತ್ತದೆ.

ಕಳಸದ ಕಡೆಯ ಒಂದು ಮನೆ ಒಕ್ಕಲಿಗೆ ಹೋಗಿದ್ದೆ. ಉಡುಗೊರೆಗಳ ರಾಶಿಯಲ್ಲಿ ಐದು ಗೋಡೆ ಗಡಿಯಾರಗಳಿದ್ದವು. ಒಳಗೆ ಆ ಮನೆಯ ಸೊಸೆ ಮೊಂಡು ಚಾಕುವಿನಿಂದ ಕುಂಬಳಕಾಯಿಯೊಡನೆ ಹೆಣಗುತ್ತಿದ್ದಳು. ಬೆರಳಿಗೆ ಆಗಲೇ ಬಟ್ಟೆ ಸುತ್ತಿತ್ತು. ಮನೆಯ ಯಜಮಾನರು ತೋಟದ ಕವಾತಿನ ಕತ್ತಿಗಳನ್ನು ಕಾಲಕಾಲಕ್ಕೆ ಸಾಣೆ ಹಿಡಿಸುವವರು. ಕಾಫಿಗಿಡಕ್ಕೆ ಸಂದ ಆ ಎಚ್ಚರ ಒಳಮನೆಯ ಬೆರಳುಗಳಿಗೆ ಸಂದಿರಲಿಲ್ಲ. ಐದು ಗಡಿಯಾರ ತಂದ ಐವರಲ್ಲಿ ಒಬ್ಬರಿಗೂ ಆ ಬೆರಳುಗಳ ನೆನಪಾಗಿರಲಿಲ್ಲ.

ನಮ್ಮಲ್ಲಿ ಉಡುಗೊರೆಗೆ ಮುಯ್ಯಿ ಎಂಬ ಹೆಸರೂ ಉಂಟು. ಪಡೆದದ್ದನ್ನು ಹಿಂದಿರುಗಿಸಬೇಕೆಂಬ ಅರ್ಥ ಆ ಮಾತಿನಲ್ಲೇ ಅಡಗಿದೆ. ಲೆಕ್ಕದ ಪುಸ್ತಕದಲ್ಲಿ ಬರೆದಿಡುವ ಈ ಪದ್ಧತಿಯಿಂದಾಗಿ ನಾವು ಬೆಲೆಯನ್ನು ನೋಡಿದಷ್ಟು ಬಳಕೆಯನ್ನು ನೋಡುವುದಿಲ್ಲ. ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ: ಆ ಮನೆಯಲ್ಲಿ ಹೆಚ್ಚುವವರು ಯಾರು? ಕುಳಿತೋ ನಿಂತೋ? ಅವರ ಕೈ ದೊಡ್ಡದೋ ಚಿಕ್ಕದೋ? ಅಂಬೆಗಾಲಿಡುವ ಮಗುವಿದೆಯೆ? ಮಗುವಿದ್ದರೆ ಅಲಗನ್ನು ಮಡಿಸಿಡಬಹುದಾದ ಮೆಟ್ಟುಗತ್ತಿಯನ್ನೇ ಆರಿಸಬೇಕು.

ಕತ್ತಿ ಕೊಟ್ಟರೆ ಸಂಬಂಧ ಕಡಿಯುತ್ತದೆಂಬ ಶಂಕೆ ಕೆಲವರಲ್ಲಿದೆ. ಇಂಗ್ಲೆಂಡಿನವರಲ್ಲೂ ಇದೇ ನಂಬಿಕೆಯುಂಟು. ಅದಕ್ಕೆ ಅವರು ಕಂಡುಕೊಂಡ ಪರಿಹಾರ ಸರಳ: ಪಡೆದವರು ಕೊಟ್ಟವರಿಗೆ ಒಂದು ಚಿಕ್ಕ ನಾಣ್ಯ ಕೊಡುತ್ತಾರೆ, ಅಲ್ಲಿಗೆ ಅದು ಉಡುಗೊರೆಯಾಗದೆ ಕ್ರಯವಾಗುತ್ತದೆ. ನಮಗೂ ಒಂದು ರೂಪಾಯಿಯ ನಾಣ್ಯ ಸಾಕು.

ಮೆಟ್ಟುಗತ್ತಿಯೊಡನೆ ಒಂದು ಸಾಣೆಕಲ್ಲನ್ನೂ ಇಟ್ಟುಕೊಡಿ. ಮಲೆನಾಡಿನ ಮಳೆಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ತೊಳೆದೊಡನೆ ಒರಸಿ ಎಣ್ಣೆ ಸವರುವಂತೆ ಹೇಳಿ. ಆ ಮಾತನ್ನು ಸೊಸೆಗೆ ಮಾತ್ರ ಹೇಳದೆ ಮಗನಿಗೂ ಹೇಳಿಬನ್ನಿ. ಹೆಚ್ಚುವ ಕೆಲಸ ಮನೆಯವರೆಲ್ಲರದು.